ಗೇರಿಲ್ಲದ ಸ್ಕೂಟರಿನ ಹೊಟ್ಟೆಯೊಳಗೆ

ಗೇರಿಲ್ಲದ ಸ್ಕೂಟರಿನಲ್ಲೂ ಗೇರು ಬದಲಾಗುತ್ತದೆ, ಗೊತ್ತೇ? ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ವೇಗ ಏರಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲಕ್ಕೆ ತಳ್ಳುತ್ತವೆ. 1958ರಲ್ಲಿ ಡಚ್ಚರ ಡಾಫ್ ಕಾರಿನಲ್ಲಿ ಬಂದ ಉಪಾಯ. ನಮ್ಮಲ್ಲಿ 1984ರ ಕೈನೆಟಿಕ್ ಹೋಂಡಾದಿಂದ ಮನೆಮಾತು.

ಅಮ್ಮ ದಿನವೂ ಹಳೇಬೀಡಿನಿಂದ ಬೇಲೂರಿಗೆ ಕೆಲಸಕ್ಕೆ ಹೋಗುವುದು ಸ್ಕೂಟರಿನಲ್ಲೇ. ಪುಷ್ಪಗಿರಿ ಏರಿನಲ್ಲಿ ಎಂಜಿನ್ ಕೂಗಿತು, ಗಾಡಿ ಮಾತ್ರ ತೆವಳಿತು. ಹೊಸದು ಕೊಳ್ಳಲು ಹಣವಿರಲಿಲ್ಲ. ಎಂಜಿನ್ ಸರಿಯಿದ್ದು ಚಕ್ರಕ್ಕೆ ಬಲ ಬಾರದಿದ್ದರೆ ಕಳ್ಳ ನಡುವೆಯೇ ಇರಬೇಕಲ್ಲ! ಭಾನುವಾರ ಜಗಲಿಯಲ್ಲಿ ಅಪ್ಪನೂ ನಾನೂ ಎಡಗಡೆ ಕವರ್ ಬಿಚ್ಚಿದೆವು. ಬೆಲ್ಟ್ ಸವೆದು ಬಿರುಕು ಬಿಟ್ಟಿತ್ತು, ರೋಲರ್‌ಗಳು ಒಂದು ಬದಿ ಚಪ್ಪಟೆ. ಪುಲ್ಲಿಯ ಮುಖ ಮಾತ್ರ ಹೊಯ್ಸಳೇಶ್ವರ ಗುಡಿಯ ಕಂಬದಂತೆ ನುಣುಪು!

ಎರಡನ್ನೂ ಹೊಸದಾಗಿ ಹಾಕಿದೆವು. ಬೆಲ್ಟಿಗೆ ಗ್ರೀಸ್ ತಾಗಿದರೆ ಮತ್ತೆ ಜಾರುತ್ತದೆ. ಅದಕ್ಕೇ ಅಪ್ಪ ಮೂರು ಸಲ ನನ್ನ ಕೈ ತೊಳೆಸಿದರು.