ಬೆವರು, ನೀರು ಮತ್ತು ಪ್ರವಾಸಿ

ಏಪ್ರಿಲ್ ತಿಂಗಳಲ್ಲಿ ಜೈಪುರದ ಬಿಸಿಲನ್ನು ಕಂಡವರು ಕೋಲ್ಕತ್ತಕ್ಕೋ ಬ್ಯಾಂಕಾಕಿಗೋ ಹೋದರೆ ಒಂದು ವಿಚಿತ್ರವನ್ನು ಗಮನಿಸುತ್ತಾರೆ. ಅಲ್ಲಿ ಉಷ್ಣತೆ ಜೈಪುರಕ್ಕಿಂತ ಕಡಿಮೆಯಿದ್ದರೂ ದೇಹ ಹೆಚ್ಚು ಬಳಲುತ್ತದೆ. ಇದಕ್ಕೆ ಕಾರಣ ಗಾಳಿಯಲ್ಲಿರುವ ತೇವಾಂಶ. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಅದು ಆವಿಯಾಗುವಾಗ ದೇಹದ ಉಷ್ಣವನ್ನು ಹೀರಿಕೊಂಡು ಹೋಗುತ್ತದೆ. ಗಾಳಿಯೇ ನೀರಿನಂಶದಿಂದ ತುಂಬಿದ್ದರೆ ಬೆವರು ಆರದೆ ಮೈಮೇಲೆಯೇ ಹರಿಯುತ್ತದೆ. ನೀರೂ ಉಪ್ಪೂ ನಷ್ಟವಾಗುತ್ತವೆ, ತಂಪು ಮಾತ್ರ ದೊರೆಯುವುದಿಲ್ಲ. ಮಂಗಳೂರಿನವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಹ ಊರುಗಳಲ್ಲಿ ಸಡಿಲವಾದ ಹತ್ತಿಯ ಉಡುಪನ್ನು ಧರಿಸಿ, ನಡುಹಗಲಿನ ತಿರುಗಾಟವನ್ನು ಬಿಟ್ಟು, ಬಾಯಾರುವ ಮೊದಲೇ ನೀರು ಕುಡಿಯುವುದು ಲೇಸು.

ಆದರೆ ಯಾವ ನೀರು? ಸಿಂಗಪುರ, ಟೋಕಿಯೊ ನಗರಗಳಲ್ಲಿ ನಲ್ಲಿಯ ನೀರನ್ನೇ ನಿಶ್ಚಿಂತೆಯಿಂದ ಕುಡಿಯಬಹುದು. ಢಾಕಾ, ಕಠ್ಮಂಡು, ಜಕಾರ್ತಗಳಲ್ಲಿ ಹಾಗಲ್ಲ. ಚೀನೀಯರದು ಈ ವಿಷಯದಲ್ಲಿ ಅನುಕರಣೀಯವಾದ ರೂಢಿ. ಕಾದ ನೀರನ್ನು ಕುಡಿಯುವುದು ಅವರ ಅಭ್ಯಾಸವಾದುದರಿಂದ ಅಲ್ಲಿನ ರೈಲುಗಳಲ್ಲಿಯೂ ನಿಲ್ದಾಣಗಳಲ್ಲಿಯೂ ಬಿಸಿನೀರಿನ ನಲ್ಲಿಗಳಿರುತ್ತವೆ. ಸುಮಾರು 3,650 ಮೀಟರ್ ಎತ್ತರದ ಲ್ಹಾಸಾದಲ್ಲಿ ವಾಯುಭಾರ ಕಡಿಮೆಯಾದುದರಿಂದ ನೀರು 88 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೇ ಕುದಿಯುತ್ತದೆ. ಅಲ್ಲಿ ಮೂರು ನಿಮಿಷ ಕುದಿಸಿದರೆ ಸಾಕು. ಮಂಜುಗಡ್ಡೆಯ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ. ಕಣ್ಣೆದುರು ಬಾಣಲೆಯಿಂದ ಇಳಿದ ಬೀದಿಯ ತಿನಿಸು, ಭವ್ಯವಾದ ಹೋಟೆಲಿನಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತ ಭೋಜನಕ್ಕಿಂತ ಎಷ್ಟೋ ಮೇಲು.

ಇಷ್ಟಾದರೂ ಭೇದಿ ತಗಲಬಹುದು. ಆಗ ಪ್ರಾಣಕ್ಕೆ ಅಪಾಯ ತರುವುದು ಬಹುಮಟ್ಟಿಗೆ ದೇಹದ ದ್ರವನಷ್ಟ. ಬರಿಯ ನೀರು ಕುಡಿದರೆ ಈ ನಷ್ಟ ಪೂರ್ತಿ ತುಂಬುವುದಿಲ್ಲ. ಕರುಳಿನ ಗೋಡೆ ಗ್ಲೂಕೋಸಿನ ಜೊತೆಯಲ್ಲಿ ಲವಣವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಲವಣವನ್ನು ಹಿಂಬಾಲಿಸಿ ನೀರೂ ಹೋಗುತ್ತದೆ. ಕಾಲರಾದಂತಹ ಕ್ರೂರ ರೋಗದಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. ಇದರ ಆಧಾರದ ಮೇಲೆ 1968ರಲ್ಲಿ ಢಾಕಾದಲ್ಲಿ ರೋಗಿಗಳಿಗೆ ಸಕ್ಕರೆ–ಲವಣಗಳ ದ್ರಾವಣವನ್ನು ಕುಡಿಸಿ ನೋಡಿದ ವೈದ್ಯರು ಯಶಸ್ವಿಯಾದರು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಬನಗಾಂವ್‌ನಲ್ಲಿ ಕಾಲರಾಕ್ಕೆ ತುತ್ತಾದಾಗ, ರಕ್ತನಾಳಕ್ಕೆ ಕೊಡುವ ಲವಣಜಲ ಸಾಲದೆ ಹೋಯಿತು. ಡಾ. ದಿಲೀಪ್ ಮಹಾಲನಬೀಸರು ದ್ರಾವಣವನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಮರಣಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಇದರ ಮುಂದೆ ಎಷ್ಟು ದುಬಾರಿ ಔಷಧಗಳು ನಾಚಬೇಕು!

ಆ ದ್ರಾವಣದ ಪುಡಿಯ ಪೊಟ್ಟಣಗಳು ಇಂದು ಔಷಧದ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಬೆರೆಸಬಹುದು. ಉಪ್ಪು ಹೆಚ್ಚಾಗಬಾರದು, ಹೆಚ್ಚಾದರೆ ಹಾನಿ. ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಅಥವಾ ಮೂತ್ರ ನಿಂತರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.