ಗುಂಪಿಗೊಂದು ಹೆಸರು

ಲಿನಕ್ಸ್ ಕಂಪ್ಯೂಟರಿನಲ್ಲಿ ಬಳಕೆದಾರರನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಎಲ್ಲ ಅಧಿಕಾರ ಇರುವವರ ಗುಂಪಿಗೆ ಉಬುಂಟುವಿನಲ್ಲಿ ‘ಸುಡೊ’ ಎಂದು ಹೆಸರು, ಫೆಡೋರಾದಲ್ಲಿ ‘ವೀಲ್’. ಸುಡೊ ಎಂಬುದು ಆ ಗುಂಪಿನವರು ಬಳಸುವ ಕಮಾಂಡ್. ವೀಲ್ ಬಂದದ್ದು ‘ಬಿಗ್ ವೀಲ್’ನಿಂದ, ಅಂದರೆ ದೊಡ್ಡ ಕುಳ! ಒಂದು ಹೆಸರು ಕೆಲಸ ಹೇಳುತ್ತದೆ, ಇನ್ನೊಂದು ದರ್ಜೆ ಹೇಳುತ್ತದೆ.

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಲ್ಯಾಬ್ ಸರ್ವರ್‌ಗೆ ಗುಂಪುಗಳನ್ನು ಮಾಡುವ ಕೆಲಸ ನನಗೂ ಇಬ್ಬರು ಗೆಳೆಯರಿಗೂ ಬಂತು. ಮೇಷ್ಟ್ರು, ಲ್ಯಾಬ್ ಸಹಾಯಕರು, ವಿದ್ಯಾರ್ಥಿಗಳು: ಇವಕ್ಕೆ ಐದು ನಿಮಿಷ ಸಾಕಾಯಿತು. ನಾಲ್ಕನೆಯದಕ್ಕೆ ಮೂರು ದಿನ ಹಿಡಿಯಿತು. ಸಂಜೆ ಕೂತು ಸಿ ಪ್ರೋಗ್ರಾಮಿಂಗನ್ನು ಮೊದಲಿನಿಂದ ಕಲಿಯುವವರ ಗುಂಪು ಅದು. ಬ್ಯಾಕ್‌ಲಾಗ್ ಇರುವವರು, ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬಂದವರು ಅದರಲ್ಲಿದ್ದರು.

‘ಕಡತದಲ್ಲಿ ಸ್ಲೋ ಲರ್ನರ್ಸ್ ಅಂತಲೇ ಇದೆಯಲ್ಲ, ಅದನ್ನೇ ಹಾಕೋಣ’ ಎಂದ ಒಬ್ಬ. ಇನ್ನೊಬ್ಬ ಡಿಪ್ಲೊಮಾದವನು. ‘ನಾನು ಸೋಲ್ಡರಿಂಗ್ ಮಾಡ್ತಿದ್ದಾಗ ನೀವು ಸಿಇಟಿಗೆ ಬಾಯಿಪಾಠ ಮಾಡ್ತಿದ್ರಿ. ಯಾರೋ ಸ್ಲೋ? ನಮ್ಮ ಯುಎಸ್‌ಎನ್ 400ರಿಂದ ಶುರು, ಅದನ್ನ ನೋಡೇ ಎಲ್ಲರೂ ಗುರುತು ಹಿಡೀತಾರೆ. ಇನ್ನೊಂದು ಗುರುತು ಬೇಡ ಕಣ್ರೋ’ ಎಂದ.

ಅವನ ಮಾತು ನಿಜ. ಗುಂಪಿನ ಹೆಸರು ಒಳಗೆಲ್ಲೋ ಅಡಗಿ ಕೂರುವುದಿಲ್ಲ. ಆ ಗುಂಪಿಗೆ ಸೇರಿದ ಫೈಲುಗಳ ಪಟ್ಟಿ ತೆರೆದರೆ ಪ್ರತಿ ಸಾಲಿನಲ್ಲೂ ಕಾಣುತ್ತದೆ. ತಮಾಷೆಯೆಂದರೆ, ಕಂಪ್ಯೂಟರಿಗೆ ಈ ಹೆಸರು ಬೇಕಾಗಿಯೇ ಇಲ್ಲ. ಅದು ನೆನಪಿಡುವುದು ಗುಂಪಿನ ಸಂಖ್ಯೆಯನ್ನು. ಹೆಸರು ಬದಲಿಸಿದರೂ ಸಂಖ್ಯೆ ಅದೇ, ಯಾರ ಅನುಮತಿಯೂ ಕೆಡುವುದಿಲ್ಲ. ಅಂದರೆ ಹೆಸರಿರುವುದು ಮನುಷ್ಯರಿಗಾಗಿ ಮಾತ್ರ. ಹಾಗಿದ್ದಮೇಲೆ ಮನುಷ್ಯರಿಗೆ ನೋವಾಗುವ ಹೆಸರನ್ನು ಯಾರಿಗೋಸ್ಕರ ಇಡಬೇಕು?

ಕೊನೆಗೆ ‘ಸಂಜೆ’ ಎಂದಿಟ್ಟೆವು, ಲ್ಯಾಬ್ ಬಳಸುವ ಹೊತ್ತು ಅದೇ ಆದ್ದರಿಂದ. ತಿಂಗಳೊಳಗೆ ಡಿಸ್ಟಿಂಕ್ಷನ್ ಬಂದವರೂ ‘ನಮ್ಮನ್ನೂ ಸಂಜೆಗೆ ಸೇರಿಸ್ರಪ್ಪಾ’ ಎಂದು ಕೇಳತೊಡಗಿದರು. ಆ ಇನ್ನೊಂದು ಹೆಸರಿದ್ದಿದ್ದರೆ ಹೀಗೆ ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ.

ನಾಳೆ ನಾವು ಕೆಲಸಕ್ಕೆ ಸೇರಿದಾಗ ಎಷ್ಟೋ ಜನರನ್ನು ಪಟ್ಟಿ ಮಾಡಬೇಕಾಗುತ್ತದೆ, ತಂಡ ಕಟ್ಟಬೇಕಾಗುತ್ತದೆ. ಆಗ ಹೆಸರಿಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿರುವವರು ಮನೆಗೆ ಹೋಗಿ ಈ ಹೆಸರನ್ನು ಅಪ್ಪ ಅಮ್ಮನಿಗೆ ಹೇಳಬಲ್ಲರೇ?