ಚಿನ್ನದ ನಾಣ್ಯದಲ್ಲಿ ಶಿಲ್ಪಕಲೆ

ಕೈಯಿಂದ ಕೈಗೆ ಸಾಗುವ ನಾಣ್ಯವು ಸುಂದರವಾಗಿಯೂ ಇರಬೇಕೇ? ಇರಬೇಕೆಂದೇ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರು ಎಣಿಸಿದರು. ಪ್ರಾಚೀನ ಗ್ರೀಕ್ ನಾಣ್ಯಗಳ ಎತ್ತರವಾದ ಉಬ್ಬುಕೆಲಸವನ್ನು ಮೆಚ್ಚಿದ್ದ ಅವರು, 1905ರಲ್ಲಿ ತಮ್ಮ ದೇಶದ ಚಿನ್ನದ ನಾಣ್ಯಗಳಿಗೆ ಹೊಸ ರೂಪವನ್ನು ಕೊಡುವ ಕಾರ್ಯವನ್ನು ಶಿಲ್ಪಿ ಅಗಸ್ಟಸ್ ಸೇಂಟ್-ಗಾಡೆನ್ಸರಿಗೆ ಒಪ್ಪಿಸಿದರು. ಶಿಲ್ಪಿಗಳು ರೋಗಪೀಡಿತರಾಗಿದ್ದರೂ, 20 ಡಾಲರಿನ ನಾಣ್ಯದ ಒಂದು ಮುಖದಲ್ಲಿ ದೀವಟಿಗೆಯನ್ನೂ ಆಲಿವ್ ಕೊಂಬೆಯನ್ನೂ ಹಿಡಿದು ನಡೆದುಬರುವ ಸ್ವಾತಂತ್ರ್ಯದೇವಿಯನ್ನು, ಇನ್ನೊಂದರಲ್ಲಿ ಸೂರ್ಯಕಿರಣಗಳ ಮೇಲೆ ಹಾರುವ ಹದ್ದನ್ನು ರೂಪಿಸಿದರು. ನಾಣ್ಯವು ಜನರ ಕೈಸೇರುವ ಮುನ್ನವೇ, 1907ರ ಆಗಸ್ಟ್ 3ರಂದು ಅವರು ತೀರಿಕೊಂಡರು.

ಉಬ್ಬು ಎತ್ತರವಾಗಿದ್ದುದರಿಂದ ಒಂದೊಂದು ನಾಣ್ಯವನ್ನೂ ಯಂತ್ರದಲ್ಲಿ ಹಲವು ಸಲ ಒತ್ತಬೇಕಾಗಿದ್ದಿತು. ಆದುದರಿಂದ ಟಂಕಸಾಲೆಯವರು ಅದನ್ನು ತಗ್ಗಿಸಿ, ಒಂದೇ ಒತ್ತಿಗೆ ಮೂಡುವಂತೆ ಮಾಡಿದರು. ಶಿಲ್ಪದ ಗಾಂಭೀರ್ಯವು ಕೊಂಚ ಕುಂದಿತು. ಆದರೂ ಆ ರೂಪವು 1933ರವರೆಗೆ ಟಂಕಿಸಲ್ಪಟ್ಟಿತು. ಬಳಕೆಗಾಗಿ ಕಲೆಯು ತುಸು ತಗ್ಗಿದುದರಿಂದಲೇ ಅದು ಬಹುಜನರನ್ನು ಮುಟ್ಟಿತೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.